ಇವತ್ತು ಕ್ರಿಸ್ಮಸ್ಸಾ? ಹ್ಯಾಂಬರ್ಗ್‌ನ ಕತ್ತಲಲ್ಲಿ ದಿನಕ್ಕೊಂದು ದೀಪ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ಇದ್ದೀರೋ, ರಾತ್ರಿ ಲೈಟ್ ಆರಿಸಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಒಂದು ಹದಿನೈದು ನಿಮಿಷ ನನ್ನ ಜೊತೆ ಇರಿ.

ನಾನು ಮಂಗಳೂರಿನವಳು. ನಾಲ್ಕು ವರ್ಷದಿಂದ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೇನೆ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ನರ್ಸ್ ಕೆಲಸ. ನಾನು ಪಾದ್ರಿ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಚಳಿಗಾಲ, ದುಃಖ, ವಿಶ್ವಾಸ ಈ ಮೂರರ ಬಗ್ಗೆ ಮಾತಾಡಿ ಅಂತ ಕೇಳಿದಾಗ ಮೊದಲು ಬೇಡ ಅಂದೆ. ಆಮೇಲೆ ನನ್ನ ಮೊದಲ ಡಿಸೆಂಬರ್ ನೆನಪಾಯ್ತು. ಆಗ ಯಾರಾದರೂ ಈ ವಿಷಯವನ್ನು ಕನ್ನಡದಲ್ಲಿ ನನಗೆ ಹೇಳಿದ್ದರೆ ಚೆನ್ನಾಗಿರ್ತಿತ್ತು ಅನ್ನಿಸ್ತು. ಅದಕ್ಕೇ ಒಪ್ಪಿಕೊಂಡೆ.

ನಾಲ್ಕು ಗಂಟೆಗೆ ರಾತ್ರಿ

ನಮ್ಮ ಊರಲ್ಲಿ ಡಿಸೆಂಬರ್ ಅಂದ್ರೆ ಏನು? ಬೆಳಿಗ್ಗೆ ಸ್ವಲ್ಪ ಇಬ್ಬನಿ, ಮಧ್ಯಾಹ್ನ ಅದೇ ಬಿಸಿಲು. ಮನೆಮನೆ ಮುಂದೆ ನಕ್ಷತ್ರ ದೀಪ, ಗೋದಲಿ ಕಟ್ಟುವ ಮಕ್ಕಳ ಗಲಾಟೆ, ಅಡುಗೆಮನೆಯಲ್ಲಿ ಕುಸ್ವಾರ್ ಕರಿಯುವ ವಾಸನೆ. ವರ್ಷದಲ್ಲೇ ಅತಿ ಚಿಕ್ಕ ಹಗಲು ಅಂದ್ರೂ ಮಂಗಳೂರಿನಲ್ಲಿ ಹನ್ನೊಂದು ಗಂಟೆಗಿಂತ ಜಾಸ್ತಿ ಬೆಳಕು ಇರ್ತದೆ. ಹಾಗಾಗಿ ಕತ್ತಲೆಯಲ್ಲಿ ಬೆಳಕು ಹುಟ್ಟಿತು ಅಂತ ಚರ್ಚಿನಲ್ಲಿ ಹೇಳುವಾಗ ನನಗೆ ಅದು ಬರೀ ಒಂದು ಚಂದದ ಮಾತಾಗಿತ್ತು.

ಹ್ಯಾಂಬರ್ಗ್‌ನಲ್ಲಿ ಡಿಸೆಂಬರ್ ಮೂರನೇ ವಾರ ಸೂರ್ಯ ಹುಟ್ಟುವುದು ಬೆಳಿಗ್ಗೆ 8.30ರ ನಂತರ. ಮುಳುಗುವುದು ಸಂಜೆ 4 ಗಂಟೆಗೆ. ಹಗಲು ಅಂದ್ರೆ ಏಳೂವರೆ ಗಂಟೆ, ಅಷ್ಟೇ. ಅದರಲ್ಲೂ ಸೂರ್ಯ ಕಾಣುವುದು ಅಪರೂಪ. ಬೂದು ಬಣ್ಣದ ಮೋಡ, ಜಿಟಿಜಿಟಿ ಮಳೆ. ಸಿನಿಮಾದಲ್ಲಿ ತೋರಿಸುವ ಹಿಮವೂ ಇಲ್ಲ ಮಾರಾಯ್ರೆ! ಬೆಳಗಿನ ಪಾಳಿಗೆ ಹೋಗುವಾಗ ಕತ್ತಲೆ, ಮುಗಿಸಿ ಬಂದು ಒಂದು ಗಳಿಗೆ ಮಲಗಿ ಎದ್ದರೆ ಮತ್ತೆ ಕತ್ತಲೆ.

ಆ ವರ್ಷ ಆಗಸ್ಟ್‌ನಲ್ಲಿ ನಾನು ಇಲ್ಲಿಗೆ ಬಂದದ್ದು, ನರ್ಸಿಂಗ್ ತರಬೇತಿಗೆ. ನವೆಂಬರ್‌ನಲ್ಲಿ ಪಪ್ಪ ತೀರಿಕೊಂಡರು. ಹೃದಯಾಘಾತ. ಸಂಜೆ ಚಹಾ ಕುಡಿದು ಅಂಗಳದಲ್ಲಿ ಕೂತವರು ಮತ್ತೆ ಏಳಲಿಲ್ಲ.

ನನ್ನ ವೀಸಾ ಅವಧಿ ಮುಗಿದಿತ್ತು, ಹೊಸ ರೆಸಿಡೆನ್ಸ್ ಕಾರ್ಡ್ ಇನ್ನೂ ಕೈಗೆ ಬಂದಿರಲಿಲ್ಲ. ಈಗ ದೇಶ ಬಿಟ್ಟರೆ ವಾಪಸ್ ಬರುವುದು ಕಷ್ಟ ಆಗಬಹುದು ಅಂದರು. ಮೂರು ವರ್ಷದ ತರಬೇತಿ, ಬ್ಯಾಂಕಿನ ಸಾಲ, ಮನೆಯಲ್ಲಿ ತಮ್ಮನ ಓದು ಎಲ್ಲ ಅದರ ಮೇಲೆ ನಿಂತಿತ್ತು. ಅಮ್ಮ ಫೋನಲ್ಲಿ ಹೇಳಿದ್ದು ಒಂದೇ ಮಾತು, "ನೀನು ಬರ್ಬೇಡ ಮಗಾ, ಪಪ್ಪನಿಗೆ ಅರ್ಥ ಆಗ್ತದೆ."

ಊರಿನ ಸಂಜೆ 4 ಗಂಟೆಗೆ ಪಪ್ಪನನ್ನು ಮಣ್ಣಿಗಿಟ್ಟರು. ಇಲ್ಲಿ ಆಗ ಬೆಳಿಗ್ಗೆ 11.30. ನಾನು ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ವಿಡಿಯೋ ಕಾಲ್‌ನಲ್ಲಿ ನೋಡಿದೆ. ನೆಟ್‌ವರ್ಕ್ ಸಿಕ್ಕಿ ಸಿಕ್ಕಿ ಹೋಗ್ತಿತ್ತು. ಪೆಟ್ಟಿಗೆ ಇಳಿಸುವ ಹೊತ್ತಿಗೆ ಚಿತ್ರ ನಿಂತೇ ಹೋಯ್ತು. ಮತ್ತೆ ಬರುವಾಗ ಮಣ್ಣು ಮುಚ್ಚಿ ಆಗಿತ್ತು. ನಾನು ಮುಖ ತೊಳೆದುಕೊಂಡು ಮೇಲೆ ಹೋಗಿ ಊಟ ಬಡಿಸಿದೆ.

"ಜಾಸ್ತಿ ಪ್ರಾರ್ಥನೆ ಮಾಡು"

ಆಮೇಲಿನ ಮೂರು ವಾರ ಹೇಗೆ ಹೋಯ್ತು ಅಂತ ನನಗೆ ಸರಿಯಾಗಿ ನೆನಪಿಲ್ಲ. ನಿದ್ದೆ ಮಾತ್ರ ತುಂಬ ಮಾಡ್ತಿದ್ದೆ. ಎಷ್ಟು ಮಲಗಿದರೂ ಸುಸ್ತು. ಅಳು ಬರ್ತಿರಲಿಲ್ಲ, ಅದು ಇನ್ನೂ ಭಯ ಹುಟ್ಟಿಸ್ತಿತ್ತು. ಬೈಬಲ್ ತೆರೆದರೆ ಅಕ್ಷರ ಕಾಣ್ತದೆ, ಒಳಗೆ ಏನೂ ಹೋಗುವುದಿಲ್ಲ.

ಒಬ್ಬರು ಆಂಟಿ ಊರಿನಿಂದ ಫೋನ್ ಮಾಡಿ, "ನಿನ್ನ ವಿಶ್ವಾಸ ಕಮ್ಮಿ ಆಗಿದೆ, ಜಾಸ್ತಿ ಪ್ರಾರ್ಥನೆ ಮಾಡು" ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಫೋನ್ ಇಟ್ಟ ಮೇಲೆ ನನಗೆ ಇನ್ನೊಂದು ಭಾರ ಜಾಸ್ತಿ ಆಯ್ತು. ಪಪ್ಪನೂ ಇಲ್ಲ, ಈಗ ದೇವರ ಹತ್ತಿರವೂ ನಾನು ಫೇಲ್ ಅಂತ.

ಇಲ್ಲಿ ಎರಡು ವಿಷಯ ಹೇಳಬೇಕು. ಒಂದು, ಚಳಿಗಾಲದ ಕತ್ತಲೆ ಮನಸ್ಸಿನ ಮೇಲೆ ಪರಿಣಾಮ ಮಾಡುವುದು ನಿಜ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಯವರು ಇದನ್ನು ವಿವರಿಸಿ ಒಂದು ಹೆಸರನ್ನೂ ಕೊಟ್ಟರು, ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. ಅತಿಯಾದ ನಿದ್ದೆ, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅದರ ಲಕ್ಷಣಗಳು. ಬೆಳಿಗ್ಗೆ ಸುಮಾರು ಅರ್ಧ ಗಂಟೆ 10,000 ಲಕ್ಸ್‌ನ ಪ್ರಖರ ದೀಪದ ಮುಂದೆ ಕೂರುವುದು ಅದಕ್ಕಿರುವ ಚಿಕಿತ್ಸೆಗಳಲ್ಲಿ ಒಂದು. ನನ್ನದು ಅದೂ ಹೌದು, ದುಃಖವೂ ಹೌದು, ಎರಡೂ ಬೆರೆತುಹೋಗಿತ್ತು. ಕೊನೆಗೆ ನಾನು ಡಾಕ್ಟರ ಹತ್ತಿರ ಹೋದೆ. ಅದು ವಿಶ್ವಾಸ ಕಮ್ಮಿ ಆದ್ದರಿಂದ ಅಲ್ಲ. ಕಾಲು ಮುರಿದರೆ ಪ್ರಾರ್ಥನೆಯನ್ನೂ ಮಾಡ್ತೇವೆ, ಪ್ಲಾಸ್ಟರನ್ನೂ ಹಾಕಿಸ್ಕೊಳ್ತೇವೆ ಅಲ್ವಾ?

ಎರಡನೆಯದು, ಬೈಬಲ್ ಆ ಆಂಟಿಗಿಂತ ತುಂಬ ತಾಳ್ಮೆ ಇರುವ ಪುಸ್ತಕ. ನಮ್ಮ ಪಾಸ್ಟರ್ ಅಯ್ಯನವರಿಗೆ ಮೆಸೇಜ್ ಮಾಡಿ, "ನಂಗೆ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ತಾ ಇಲ್ಲ" ಅಂತ ಬರೆದೆ. ಅವರು ಉಪದೇಶ ಮಾಡಲಿಲ್ಲ. "88ನೇ ಕೀರ್ತನೆ ಓದು, ಬೇರೆ ಏನೂ ಬೇಡ" ಅಂತ ಕಳಿಸಿದರು. ಓದಿ ನೋಡಿ ನೀವೂ. ಬೇರೆ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ವಲ್ಪ ಸಮಾಧಾನದ ಕಡೆ ತಿರುಗ್ತವೆ. ಇದು ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗೀತದೆ. ಅಂಥ ಒಂದು ಪ್ರಾರ್ಥನೆಯನ್ನು ಯಾರೂ ತೆಗೆದುಹಾಕದೆ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡಿದ್ದಾರೆ ಅಂದ್ರೆ, ನನ್ನಂಥವರಿಗೂ ಅಲ್ಲಿ ಜಾಗ ಉಂಟು ಅಂತಲೇ ಅರ್ಥ. ಆ ರಾತ್ರಿ ಮೊದಲ ಸಲ ಅತ್ತೆ.

ಗಾಡಿಯ ಚಕ್ರ ಮತ್ತು 24 ಮೇಣದಬತ್ತಿ

ಈಗ ನಿಮಗೆ ಒಂದು ರೈಲ್ವೆ ಸ್ಟೇಷನ್ ಕಥೆ ಹೇಳ್ತೇನೆ. ನಾನು ಓಡಾಡುವ ಮೆಟ್ರೋ ದಾರಿಯಲ್ಲಿ "ರೌಹೆಸ್ ಹೌಸ್" ಅಂತ ಒಂದು ನಿಲ್ದಾಣ ಬರ್ತದೆ. ಪದಶಃ ನೋಡಿದರೆ "ಒರಟು ಮನೆ" ಅಂತ ಅರ್ಥ. ಇದೆಂಥ ಹೆಸರಪ್ಪ ಅಂತ ಒಂದು ದಿನ ಮೊಬೈಲ್‌ನಲ್ಲಿ ಹುಡುಕಿದೆ.

ಯೋಹಾನ್ ಹಿನ್ರಿಖ್ ವಿಖರ್ನ್ ಅಂತ ಒಬ್ಬರು ಲುಥೆರನ್ ದೇವಶಾಸ್ತ್ರಜ್ಞ ಇದ್ದರು. ಹುಟ್ಟಿದ್ದು 1808ರಲ್ಲಿ, ಇದೇ ಹ್ಯಾಂಬರ್ಗ್‌ನಲ್ಲಿ. ಅವರಿಗೆ 15 ವರ್ಷ ಆಗಿರುವಾಗ ತಂದೆ ತೀರಿಕೊಂಡರು. ಮನೆಗೆ ಹಿರಿಯ ಮಗ, ಹಿಂದೆ ತಮ್ಮ ತಂಗಿಯರ ಸಾಲು. ಪಾಠ ಹೇಳಿಕೊಟ್ಟು ಮನೆ ನಡೆಸಲಿಕ್ಕೆ ಸಹಾಯ ಮಾಡಿದ ಹುಡುಗ ಅವರು. ಆಗಿನ ಹ್ಯಾಂಬರ್ಗ್ ಬಂದರಿನ ಊರು. ಒಂದು ಕಡೆ ಭಾರೀ ವ್ಯಾಪಾರ, ಇನ್ನೊಂದು ಕಡೆ ಇಕ್ಕಟ್ಟಾದ ಓಣಿಗಳಲ್ಲಿ ಬಡತನ. ಬೀದಿಗೆ ಬಿದ್ದ ಮಕ್ಕಳಿಗಾಗಿ ವಿಖರ್ನ್ 1833ರಲ್ಲಿ ಊರ ಹೊರಗಿನ ಹೋರ್ನ್ ಎಂಬಲ್ಲಿ ಆಶ್ರಯ ಶುರು ಮಾಡಿದರು. ಅದೇ ರೌಹೆಸ್ ಹೌಸ್. ಇವತ್ತಿಗೂ ಆ ಸಂಸ್ಥೆ ಕೆಲಸ ಮಾಡ್ತಾ ಉಂಟು.

ಆ ಮಕ್ಕಳು ಡಿಸೆಂಬರ್ ಬಂತೆಂದರೆ ದಿನಾ ಒಂದೇ ಪ್ರಶ್ನೆ ಕೇಳ್ತಿದ್ದರಂತೆ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಅಂತ. 1839ರಲ್ಲಿ ವಿಖರ್ನ್ ಒಂದು ಹಳೇ ಗಾಡಿ ಚಕ್ರ ತಗೊಂಡರು. ಅದರ ಮೇಲೆ 20 ಚಿಕ್ಕ ಕೆಂಪು ಮೇಣದಬತ್ತಿ, 4 ದೊಡ್ಡ ಬಿಳಿ ಮೇಣದಬತ್ತಿ ಇಟ್ಟರು. ಆ ವರ್ಷ ಡಿಸೆಂಬರ್ 1 ಭಾನುವಾರವೇ ಬಿದ್ದಿತ್ತು. 24ರ ತನಕ ಲೆಕ್ಕ ಹಾಕಿದರೆ 4 ಭಾನುವಾರ, 20 ವಾರದ ದಿನ. ದಿನಾ ಪ್ರಾರ್ಥನೆಗೆ ಸೇರಿದಾಗ ಒಂದೊಂದು ಹೊತ್ತಿಸುವುದು, ವಾರದ ದಿನ ಚಿಕ್ಕದು, ಭಾನುವಾರ ದೊಡ್ಡದು. ಮುಂದೆ ಚಕ್ರಕ್ಕೆ ಹಸಿರು ಸೊಪ್ಪು ಸುತ್ತಿದರು. ಮನೆಗಳಿಗೆ ಹೋಗುವಾಗ ನಾಲ್ಕೇ ಬತ್ತಿಯ ಚಿಕ್ಕ ರೂಪ ಆಯ್ತು. 20ನೇ ಶತಮಾನದಲ್ಲಿ ಕಥೋಲಿಕ ಚರ್ಚುಗಳಿಗೂ ಬಂತು. ಇವತ್ತು ನಮ್ಮ ಕರಾವಳಿಯ ಚರ್ಚುಗಳಲ್ಲಿ ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರ, ಅಂದರೆ ಆಗಮನ ಕಾಲದಲ್ಲಿ, ನಾಲ್ಕು ಮೇಣದಬತ್ತಿ ಇಡ್ತಾರಲ್ಲ, ಅದರ ಮೂಲ ಇದು.

ಚಿಕ್ಕಂದಿನಿಂದ ನೋಡಿದ್ದೆ, ಅದು ಯಾರಿಗಾಗಿ ಹುಟ್ಟಿದ್ದು ಅಂತ ಗೊತ್ತಿರಲಿಲ್ಲ. ಚಳಿಯ ಊರಿನಲ್ಲಿ, ಸಂಜೆ ನಾಲ್ಕಕ್ಕೇ ರಾತ್ರಿ ಆಗುವ ಜಾಗದಲ್ಲಿ, ಮನೆ ಇಲ್ಲದ ಮಕ್ಕಳಿಗೆ ಅಪ್ಪನನ್ನು ಕಳೆದುಕೊಂಡಿದ್ದ ಒಬ್ಬ ಮನುಷ್ಯ ಮಾಡಿಕೊಟ್ಟದ್ದು. ಅದು ಕತ್ತಲೆಯನ್ನು ಓಡಿಸುವುದಿಲ್ಲ ಗಮನಿಸಿ. ಡಿಸೆಂಬರ್ 1ರಿಂದ 21ರ ತನಕ ಹೊರಗೆ ಕತ್ತಲೆ ಇನ್ನೂ ಜಾಸ್ತಿಯೇ ಆಗ್ತಾ ಹೋಗ್ತದೆ. ಅದೇ ಹೊತ್ತಿಗೆ ಒಳಗೆ ದಿನಕ್ಕೊಂದು ದೀಪ ಜಾಸ್ತಿ ಆಗ್ತದೆ. ಎರಡೂ ಒಟ್ಟಿಗೇ ನಡೀತದೆ.

ನಮ್ಮ ಅಜ್ಜಿಯ ಪ್ರಶ್ನೆ

ನಮ್ಮ ಆರೈಕೆ ಮನೆಯಲ್ಲೂ ಊಟದ ಮೇಜಿನ ಮೇಲೆ ಒಂದು ಆಗಮನದ ಹಾರ ಇಡ್ತಾರೆ. ಬೆಂಕಿ ಭಯಕ್ಕೆ ನಿಜವಾದ ಮೇಣದಬತ್ತಿ ಇಲ್ಲ, ಬ್ಯಾಟರಿಯದ್ದು. ಅಲ್ಲಿ ಒಬ್ಬರು ಅಜ್ಜಿ ಇದ್ದರು, 91 ವರ್ಷ. ಹೆಸರು ಬೇಡ. ಡಿಮೆನ್ಷಿಯಾ. ಅವರು ದಿನಾ ಬೆಳಿಗ್ಗೆ ನಾನು ಪರದೆ ಸರಿಸಿದ ಕೂಡಲೇ ಕೇಳ್ತಿದ್ದರು, "ಇವತ್ತು ಕ್ರಿಸ್ಮಸ್ಸಾ?"

ಇಲ್ಲ ಅಂದರೆ ಮುಖ ಬಾಡ್ತದೆ. ಐದು ನಿಮಿಷ ಆದ ಮೇಲೆ ಮತ್ತೆ ಅದೇ ಪ್ರಶ್ನೆ. ಒಂದು ದಿನ ನನಗೆ ತಾಳ್ಮೆ ತಪ್ಪಿತು. "ಇಲ್ಲ ಅಂತ ಹೇಳಿದೆನಲ್ಲ, ಎಷ್ಟು ಸಲ ಹೇಳಬೇಕು" ಅಂತ ಜೋರಾಗಿ ಅಂದುಬಿಟ್ಟೆ. ಅವರು ಹೊದಿಕೆ ಎಳೆದುಕೊಂಡು ಸುಮ್ಮನಾದರು. ಆ ಮುಖ ಈಗಲೂ ಕಣ್ಣ ಮುಂದೆ ಬರ್ತದೆ.

ಜೊತೆಗಿದ್ದ ಹಿರಿಯ ನರ್ಸ್ ನನ್ನನ್ನು ಬೈಯಲಿಲ್ಲ. "ಇಲ್ಲ ಅನ್ನಬೇಡ. ಅವರನ್ನು ಹಾರದ ಹತ್ತಿರ ಕರ್ಕೊಂಡು ಹೋಗು. ಎಷ್ಟು ಹತ್ತಿದೆ ಅಂತ ಒಟ್ಟಿಗೆ ಎಣಿಸು" ಅಂದರು. ಮಾರನೇ ದಿನ ಹಾಗೇ ಮಾಡಿದೆ. ಎರಡು ಹತ್ತಿತ್ತು. ಅಜ್ಜಿ ಬೆರಳಿಟ್ಟು ಎಣಿಸಿದರು. ಒಂದು, ಎರಡು. "ಓ, ಹಾಗಾದ್ರೆ ಬರ್ತಾ ಉಂಟು" ಅಂತ ನಕ್ಕರು. ಅವರ ಪ್ರಶ್ನೆಗೆ ಅಷ್ಟು ಉತ್ತರ ಸಾಕಾಗಿತ್ತು.

ಮೂರನೇ ಭಾನುವಾರ ಸಂಜೆ ಎಲ್ಲರನ್ನೂ ಕೂರಿಸಿ ಹಾಡಿಸಿದರು. ತನ್ನ ಮಗಳ ಹೆಸರೇ ನೆನಪಿಲ್ಲದ ಆ ಅಜ್ಜಿ ಇಡೀ ಹಾಡನ್ನು ತಪ್ಪಿಲ್ಲದೆ ಹಾಡಿದರು. ನಾನು ಬೆಚ್ಚಿಬಿದ್ದೆ, ಯಾಕಂದ್ರೆ ಆ ರಾಗ ನನಗೆ ಗೊತ್ತಿತ್ತು. ಪಪ್ಪ ಹಾಡ್ತಿದ್ದ ರಾಗ, ಕನ್ನಡದಲ್ಲಿ!

ಇದು ಪವಾಡ ಏನಲ್ಲ, ಇತಿಹಾಸ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ತುಂಬ ಜನ ಜರ್ಮನರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಶುರು ಮಾಡಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್, ಎಲ್ಲ ಅದೇ ಮಿಶನ್‌ನವರು. ಅವರ ಮೂಲಕ ಜರ್ಮನ್ ಚರ್ಚಿನ ರಾಗಗಳು ಕನ್ನಡದ ಮಾತು ಹೊತ್ತುಕೊಂಡು ನಮ್ಮ ಸಭೆಗಳಿಗೆ ಬಂದವು. ನಮ್ಮ ಮನೆಯವರು ಆ ಪರಂಪರೆಯವರೇ.

ಆ ಸಂಜೆ ನಾನು ಕನ್ನಡದಲ್ಲಿ ಹಾಡಿದೆ, ಅಜ್ಜಿ ಜರ್ಮನ್‌ನಲ್ಲಿ. ಅರ್ಧದಲ್ಲಿ ನನಗೆ ಗಂಟಲು ಕಟ್ಟಿತು. ಅಜ್ಜಿ ನಿಲ್ಲಿಸಲಿಲ್ಲ. ನನಗೆ ಆಗದೇ ಇದ್ದಾಗ ಅವರು ಹಾಡಿದರು, ಅಷ್ಟೇ. ಆವತ್ತು ನನಗೆ ಸಭೆ ಅಂದ್ರೆ ಏನು ಅಂತ ಗೊತ್ತಾಯ್ತು. ನನ್ನ ವಿಶ್ವಾಸ ಕೈಕೊಟ್ಟ ದಿನ ಇನ್ನೊಬ್ಬರ ವಿಶ್ವಾಸ ನನ್ನನ್ನು ಸ್ವಲ್ಪ ದೂರ ಹೊತ್ತುಕೊಂಡು ಹೋಗ್ತದೆ.

ಬಾಗಿಲು ತೆರೆಯದಿದ್ದರೆ?

ನಿಮ್ಮಲ್ಲಿ ಕೆಲವರು ಈಗ ಅಂದ್ಕೊಳ್ತಿರಬಹುದು, ಇದೆಲ್ಲ ಚಂದ, ಆದರೆ ಎಲ್ಲರ ಕಥೆ ಹೀಗೆ ಒಳ್ಳೇದಾಗಿ ಮುಗಿಯುವುದಿಲ್ಲ ಅಂತ. ನಿಜ. ಅದಕ್ಕೇ ಇನ್ನೊಬ್ಬರ ವಿಷಯ ಹೇಳಬೇಕು, ಡೀಟ್ರಿಖ್ ಬೊನ್‌ಹೋಫರ್.

ಜರ್ಮನ್ ಪಾದ್ರಿ, ಹಿಟ್ಲರ್‌ನನ್ನು ವಿರೋಧಿಸಿದವರು. 1943ರ ಏಪ್ರಿಲ್‌ನಲ್ಲಿ ಅವರನ್ನು ಬಂಧಿಸಿ ಬರ್ಲಿನ್‌ನ ಟೇಗೆಲ್ ಜೈಲಿನಲ್ಲಿಟ್ಟರು. ಆ ನವೆಂಬರ್‌ನಲ್ಲಿ ಸ್ನೇಹಿತ ಎಬರ್‌ಹಾರ್ಡ್ ಬೆತ್ಗೆಗೆ ಬರೆದ ಪತ್ರದಲ್ಲಿ ಅವರು ಜೈಲಿನ ಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸ್ತಾರೆ. ಒಳಗಿರುವವನು ಕಾಯಬಹುದು, ಏನೋ ಚಿಕ್ಕಪುಟ್ಟ ಕೆಲಸ ಮಾಡಬಹುದು, ಆದರೆ ಬಾಗಿಲು ಅವನ ಕೈಯಲ್ಲಿಲ್ಲ ಅನ್ನುವ ಅರ್ಥದಲ್ಲಿ. ಮುಂದಿನ ಡಿಸೆಂಬರ್‌ನಲ್ಲಿ ಅವರು ಗೆಸ್ಟಪೋ ವಶದಲ್ಲಿದ್ದರು. ಅಲ್ಲಿಂದಲೂ ತನ್ನನ್ನು ಮದುವೆಯಾಗಬೇಕಿದ್ದ ಮರಿಯಾಗೆ ಮತ್ತು ಮನೆಯವರಿಗೆ ಒಂದು ಕವಿತೆ ಬರೆದು ಕಳಿಸಿದರು. ಇವತ್ತು ಜರ್ಮನಿಯ ಚರ್ಚುಗಳಲ್ಲಿ ಅದನ್ನು ಹಾಡ್ತಾರೆ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಯುರೋಪಿನಲ್ಲಿ ಯುದ್ಧ ಮುಗಿಯಲಿಕ್ಕೆ ಒಂದೇ ತಿಂಗಳು ಬಾಕಿ ಇತ್ತು. ಅವರಿಗೆ 39 ವರ್ಷ.

ಅವರು ಅಂದುಕೊಂಡ ಬಾಗಿಲು ತೆರೆಯಲೇ ಇಲ್ಲ. ಪಪ್ಪನೂ ವಾಪಸ್ ಬರಲಿಲ್ಲ. ಹಾಗಾಗಿ "ನಂಬಿ, ಎಲ್ಲ ಸರಿ ಹೋಗ್ತದೆ" ಅಂತ ನಾನು ನಿಮಗೆ ಹೇಳುವುದಿಲ್ಲ. ಕ್ರೈಸ್ತ ನಿರೀಕ್ಷೆ ಅಂದ್ರೆ ಪರಿಸ್ಥಿತಿ ಬದಲಾಗ್ತದೆ ಅನ್ನುವ ಗ್ಯಾರಂಟಿ ಕಾರ್ಡ್ ಅಲ್ಲ. ಕೋಣೆಯ ಒಳಗೆ ನಾನು ಒಬ್ಬಳೇ ಇಲ್ಲ, ಮತ್ತು ಮರಣಕ್ಕೆ ಕೊನೆಯ ಮಾತು ಇಲ್ಲ, ಈ ಎರಡನ್ನು ಹಿಡ್ಕೊಂಡು ಇರುವುದು.

ಕ್ರಿಸ್ಮಸ್ ಕಥೆಯನ್ನೇ ನೋಡಿ. ಲೂಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಯೇಸು ಹುಟ್ಟಿದ ಸುದ್ದಿ ಮೊದಲು ಯಾರಿಗೆ ಬರ್ತದೆ? ರಾತ್ರಿ ಮಂದೆ ಕಾಯ್ತಿದ್ದ ಕುರುಬರಿಗೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ನೈಟ್ ಶಿಫ್ಟ್‌ನವರಿಗೆ! ಸುದ್ದಿ ಕೇಳಿದ ಮೇಲೂ ಅದು ರಾತ್ರಿಯೇ ಆಗಿತ್ತು. ಅವರು ಆ ರಾತ್ರಿಯಲ್ಲೇ ಎದ್ದು ನಡೆದರು.

ನಾನು ಮಾಡಿದ್ದು, ನೀವೂ ಮಾಡಬಹುದಾದದ್ದು

ಕೆಲವು ಸಣ್ಣ ವಿಷಯ ಹೇಳಿ ಮುಗಿಸ್ತೇನೆ.

ದಿನಕ್ಕೆ ಒಂದೇ ದೀಪ ಎಣಿಸಿ. ಇಡೀ ಚಳಿಗಾಲ ಹೇಗೆ ಕಳೆಯುವುದು ಅಂತ ಯೋಚಿಸಿದರೆ ಎದೆ ಒಡೀತದೆ. ನಾನು ಸಂಜೆ ಒಂದು ಮೇಣದಬತ್ತಿ ಹಚ್ಚಿ ಪಪ್ಪನ ಒಂದು ನೆನಪು ಡೈರಿಯಲ್ಲಿ ಬರೀತಿದ್ದೆ. ಒಂದೇ ಸಾಲು.

ದೇವರ ಹತ್ತಿರ ಸುಳ್ಳು ಹೇಳಬೇಡಿ. ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ. ಕೀರ್ತನೆ ಬರೆದವರು ಅದನ್ನೇ ಮಾಡಿದ್ದು.

ವಾರಕ್ಕೆ ಒಂದು ಊಟವಾದರೂ ಇನ್ನೊಬ್ಬರ ಜೊತೆ ಮಾಡಿ. ಚರ್ಚಿಗೆ ಹೋಗಲಿಕ್ಕೆ ಮನಸ್ಸಿಲ್ಲದಿದ್ದರೆ ಹಿಂದಿನ ಬೆಂಚಿನಲ್ಲಿ ಕೂರಿ, ಹಾಡಬೇಡಿ, ಪರವಾಗಿಲ್ಲ. ಬೇರೆಯವರು ಹಾಡ್ತಾರೆ. ನೀವು ಬೇರೆ ಧರ್ಮದವರಾದರೂ, ಯಾವ ಧರ್ಮವೂ ಬೇಡ ಅನ್ನುವವರಾದರೂ, ಈ ಒಂದು ಮಾತು ನಿಮಗೂ ಹೊಂದ್ತದೆ. ಒಬ್ಬರೇ ಇರಬೇಡಿ.

ಮತ್ತೆ, ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಸಿದೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಈಗಲೇ ಯಾರಿಗಾದರೂ ಹೇಳಿ. ಭಾರತದಲ್ಲಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಆ ಡಿಸೆಂಬರ್ 24ರ ಬೆಳಿಗ್ಗೆ ನಾನು ಪರದೆ ಸರಿಸಿದೆ. ಹೊರಗೆ ಇನ್ನೂ ಕತ್ತಲೆ. ಅಜ್ಜಿ ಕೇಳಿದರು, "ಇವತ್ತು ಕ್ರಿಸ್ಮಸ್ಸಾ?"

"ಹೌದು ಅಜ್ಜಿ, ಇವತ್ತೇ" ಅಂದೆ.

ಐದು ನಿಮಿಷ ಬಿಟ್ಟು ಮತ್ತೆ ಕೇಳಿದರು. ಮತ್ತೆ ಹೌದು ಅಂದೆ. ಆವತ್ತು ಎಷ್ಟು ಸಲ ಕೇಳಿದರೋ ಅಷ್ಟೂ ಸಲ ಅವರಿಗೆ ಅದು ಹೊಸ ಸುದ್ದಿಯೇ. ಹೇಳಿ ಹೇಳಿ ನನಗೂ ಸ್ವಲ್ಪ ಹೊಸದಾಯ್ತು.

ಮಧ್ಯಾಹ್ನ ಅಮ್ಮನ ಫೋಟೋ ಬಂತು. ಪ್ರತಿ ವರ್ಷ ಪಪ್ಪ ಬಿದಿರು ಕಡ್ಡಿ, ಬಣ್ಣದ ಕಾಗದ ತಂದು ತಾನೇ ನಕ್ಷತ್ರ ಮಾಡಿ ಮಾವಿನ ಮರಕ್ಕೆ ಕಟ್ತಿದ್ದರು. ಈ ಸಲ ಮನೆಯಲ್ಲಿ ಸಾವಾಗಿದೆ, ನಕ್ಷತ್ರ ಹಾಕುವುದಿಲ್ಲ ಅಂದಿದ್ದರು ಅಮ್ಮ. ಫೋಟೋದಲ್ಲಿ ಮರದಲ್ಲಿ ನಕ್ಷತ್ರ ಉರೀತಾ ಇತ್ತು. ಸ್ವಲ್ಪ ಸೊಟ್ಟಗೆ ಇತ್ತು. ಕೆಳಗೆ ಅಮ್ಮ ಬರೆದಿದ್ದರು, "ಪಕ್ಕದ ಮನೆಯ ಹುಡುಗ ಬಂದು ಕಟ್ಟಿದ. ಬೇಡ ಅಂದ್ರೂ ಕೇಳ್ಲಿಲ್ಲ. ಪಪ್ಪ ಅವನಿಗೆ ಹೋದ ವರ್ಷ ಮಾಡ್ಲಿಕ್ಕೆ ಹೇಳಿಕೊಟ್ಟಿದ್ದರಂತೆ."

ನನ್ನ ಕಾರ್ಡ್ ಫೆಬ್ರವರಿಯಲ್ಲಿ ಬಂತು. ಮಾರ್ಚ್‌ನಲ್ಲಿ ಊರಿಗೆ ಹೋಗಿ ಪಪ್ಪನ ಸಮಾಧಿಯ ಹತ್ತಿರ ಕೂತೆ. ಆ ಡೈರಿಯನ್ನು ಮೊದಲಿಂದ ಕೊನೆಯ ತನಕ ಅವರಿಗೆ ಓದಿ ಹೇಳಿದೆ.

ಇವತ್ತಿಗೆ ಇಷ್ಟೇ. ನಿಮ್ಮ ಪರಿಚಯದವರು ಯಾರಾದರೂ ದೂರದ ಊರಲ್ಲಿ ಒಬ್ಬರೇ ಇದ್ದರೆ, ಈ ಸಂಚಿಕೆ ಮುಗಿದ ಕೂಡಲೇ ಅವರಿಗೊಂದು ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ದೇವರು ನಿಮ್ಮನ್ನು ಕಾಪಾಡಲಿ.